ಗೇರುಸೊಪ್ಪೆಯ ಹೆಸರಿನ ಹಡಗು: ನಿಧಿಯ ಕತೆಯಲ್ಲಿ ಮರೆಯಾದ ನಾವಿಕರು

ಗೇರುಸೊಪ್ಪೆ ಎಂದೊಡನೆ ನಮಗೆ ನೆನಪಾಗುವುದು ಶರಾವತಿ ನದಿ, ಜೋಗದ ಜಲಪಾತ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ. ಆದರೆ ಈ ಹೆಸರಿನ ಹಡಗೊಂದು ಅಟ್ಲಾಂಟಿಕ್ ಸಾಗರದ ತಳದಲ್ಲಿ, 4,700 ಮೀಟರ್ ಆಳದಲ್ಲಿ ಮಲಗಿದೆ ಎಂಬುದು ಎಷ್ಟು ಜನರಿಗೆ ಗೊತ್ತು? 2011ರಲ್ಲಿ ಅದು ಪತ್ತೆಯಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ‘ನಿಧಿಯ ಹಡಗು’ ಎಂದೇ ಕರೆದವು. ಅದರಿಂದ ಸುಮಾರು ನೂರು ಟನ್ ಬೆಳ್ಳಿ ಮೇಲೆ ಬಂದದ್ದು ನಿಜ. ಆದರೆ ‘ಗೈರ್‌ಸೊಪ್ಪ’ ನಿಧಿ ಸಾಗಿಸಲೆಂದು ಕಟ್ಟಿದ ಹಡಗಲ್ಲ. ಚಹಾ, ಕಬ್ಬಿಣ, ಅಂಚೆ ಚೀಲಗಳನ್ನು ಹೊತ್ತು ಇಪ್ಪತ್ತು ವರ್ಷ ದುಡಿದ ಸಾಧಾರಣ ಸರಕು ಹಡಗು ಅದು. ಅದರೊಂದಿಗೆ ಮುಳುಗಿದವರಲ್ಲಿ ಹೆಚ್ಚಿನವರು ಭಾರತೀಯರು.

ಈ ಹಡಗು ಏಕೆ ಮುಳುಗಿತು? ಒಬ್ಬನೇ ಒಬ್ಬ ಬದುಕುಳಿದದ್ದು ಹೇಗೆ? ಎಪ್ಪತ್ತು ವರ್ಷ ಸಮುದ್ರದ ತಳದಲ್ಲಿದ್ದ ಕಾಗದದ ಪತ್ರಗಳನ್ನು ಇಂದಿಗೂ ಓದಲು ಸಾಧ್ಯವಾಗಿದ್ದು ಹೇಗೆ? ಒಂದೊಂದಾಗಿ ನೋಡೋಣ.

ಹಡಗಿಗೆ ಈ ಹೆಸರು ಬಂದದ್ದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದರ ಮೇಲೊಂದರಂತೆ ಮುಳುಗಿಸಿದವು. ಆ ನಷ್ಟ ತುಂಬಲು ಬ್ರಿಟಿಷ್ ಸರ್ಕಾರ ಒಂದೇ ನಕ್ಷೆಯ ಹಡಗುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಬೇಗ ಬೇಗ ಕಟ್ಟಿಸಿತು. ಅವಕ್ಕೆಲ್ಲ ‘ವಾರ್’ ಎಂಬ ಪದದಿಂದ ಆರಂಭವಾಗುವ ಹೆಸರುಗಳಿದ್ದವು. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿದ್ದ ಪಾಮರ್ಸ್ ಕಂಪನಿ ಕಟ್ಟುತ್ತಿದ್ದ ಈ ಹಡಗಿಗೂ ‘ವಾರ್ ರೋಬಕ್’ ಎಂದು ಹೆಸರಿಡಬೇಕಿತ್ತು. 1919ರಲ್ಲಿ ಅದು ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಅದನ್ನು ಕೊಂಡು ‘ಗೈರ್‌ಸೊಪ್ಪ’ ಎಂದು ಹೆಸರಿಟ್ಟಿತು.

ಈ ಕಂಪನಿಗೆ ತನ್ನ ಹಡಗುಗಳಿಗೆ ಇಂಗ್ಲಿಷಿನ ‘ಎ’ ಅಕ್ಷರದಿಂದ ಕೊನೆಯಾಗುವ ಹೆಸರಿಡುವ ರೂಢಿಯಿತ್ತು. ಭಾರತ ಮತ್ತು ಪೂರ್ವ ದೇಶಗಳ ಊರುಗಳ ಹೆಸರುಗಳು ಅದಕ್ಕೆ ಚೆನ್ನಾಗಿ ಒಪ್ಪುತ್ತಿದ್ದವು. ಅಂದಿನ ಬ್ರಿಟಿಷರು ಜೋಗವನ್ನು ಕರೆಯುತ್ತಿದ್ದುದೇ ‘ಗೇರ್ಸೊಪ್ಪ ಫಾಲ್ಸ್’ ಎಂದು. ಹೀಗಾಗಿ ಆ ಹೆಸರು ಅವರಿಗೆ ಪರಿಚಿತವಾಗಿತ್ತು.

ಹೆಸರು ಕೇಳಿದವರಿಗೆ ಒಂದು ಅನುಮಾನ ಬರಬಹುದು: ಹಡಗಿನಲ್ಲಿದ್ದ ಬೆಳ್ಳಿ ಗೇರುಸೊಪ್ಪೆಯ ಅರಸರದ್ದೇ? ಇಲ್ಲ. ಆ ಬೆಳ್ಳಿ ಹಡಗಿಗೆ ಏರಿದ್ದು ಕಲ್ಕತ್ತಾದಲ್ಲಿ, 1940ರ ಡಿಸೆಂಬರಿನಲ್ಲಿ. ಗೇರುಸೊಪ್ಪೆಗೂ ಈ ಹಡಗಿಗೂ ಇರುವ ನಂಟು ಹೆಸರಿನದ್ದು ಮಾತ್ರ.

5,237 ಟನ್ನಿನ ಹಡಗಿನಲ್ಲಿ 7,000 ಟನ್ ಸರಕು ಹಿಡಿಸುವುದೇ?

ದಾಖಲೆಗಳಲ್ಲಿ ಗೈರ್‌ಸೊಪ್ಪ 5,237 ಟನ್ನಿನ ಹಡಗು. ಆದರೆ ಕೊನೆಯ ಯಾನದಲ್ಲಿ ಅದು ಹೊತ್ತ ಸರಕು ಸುಮಾರು 7,000 ಟನ್. ಇದು ತಪ್ಪು ಲೆಕ್ಕವಲ್ಲ. ಹಡಗಿನ ವಿಷಯದಲ್ಲಿ ‘ಟನ್’ ಎಂಬುದು ಯಾವಾಗಲೂ ತೂಕವಲ್ಲ. ‘ಗ್ರಾಸ್ ಟನ್’ ಎಂಬುದು ಹಡಗಿನ ಒಳಗಿನ ಜಾಗದ ಅಳತೆ. ಅಂದಿನ ಲೆಕ್ಕದಲ್ಲಿ ನೂರು ಘನ ಅಡಿ ಜಾಗಕ್ಕೆ ಒಂದು ಟನ್. ಅಂದರೆ ಹಡಗಿನ ಒಳಗೆ ಒಟ್ಟು ಐದು ಲಕ್ಷ ಘನ ಅಡಿಗೂ ಹೆಚ್ಚು ಜಾಗವಿತ್ತು ಎಂದಷ್ಟೇ ಅದರ ಅರ್ಥ. ಭಾರವಾದ ಸರಕು ಸ್ವಲ್ಪ ಜಾಗದಲ್ಲೇ ಹೆಚ್ಚು ತೂಗುತ್ತದೆ. ಹತ್ತಿಯನ್ನು ತುಂಬಿದರೆ ಹಡಗು ಮೊದಲು ಜಾಗ ಸಾಲದೆ ನಿಲ್ಲುತ್ತದೆ, ಕಬ್ಬಿಣವನ್ನು ತುಂಬಿದರೆ ಅರ್ಧ ಜಾಗ ಖಾಲಿಯಿರುವಾಗಲೇ ತೂಕದ ಮಿತಿ ಮುಟ್ಟುತ್ತದೆ.

ಸರಕಿನಲ್ಲಿ ಸುಮಾರು 2,600 ಟನ್ ಬೀಡುಕಬ್ಬಿಣವಿತ್ತು. ಸುಮಾರು 1,700 ಟನ್ ಚಹಾ ಇತ್ತು. ಉಳಿದದ್ದು ನಾನಾ ಬಗೆಯ ಸಾಮಾನು ಮತ್ತು ಅಂಚೆ. ಇವುಗಳ ನಡುವೆ ಬೆಳ್ಳಿ ಎಷ್ಟು? ನೂರು ಟನ್ ಎಂದರೆ ಒಟ್ಟು ಸರಕಿನ ನೂರರಲ್ಲಿ ಒಂದೂವರೆ ಪಾಲು. ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ಭಾರದ ಲೋಹ. ಹಾಗಾಗಿ ಅಷ್ಟು ಬೆಳ್ಳಿಯನ್ನು ಒತ್ತಾಗಿ ಜೋಡಿಸಿದರೆ ನಮ್ಮ ಮನೆಗಳ ಒಂದು ಸಣ್ಣ ಬಚ್ಚಲುಮನೆಯಷ್ಟು ಜಾಗ ಸಾಕು.

ಅಂದಿನ ಬ್ರಿಟನ್ನಿನ ಜನಸಾಮಾನ್ಯರಿಗೆ ಬೆಳ್ಳಿಗಿಂತ ಚಹಾ ಮುಖ್ಯವಾಗಿತ್ತು. 1940ರ ಜುಲೈನಿಂದ ಅಲ್ಲಿ ಚಹಾಕ್ಕೂ ಪಡಿತರ ಬಂದಿತ್ತು. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಲೆಕ್ಕ ಹಾಕಿ ನೋಡಿದರೆ, ಈ ಒಂದೇ ಹಡಗಿನ ಚಹಾ ಸುಮಾರು ಮೂರು ಕೋಟಿ ಜನರ ಒಂದು ವಾರದ ಪಡಿತರ. ಜರ್ಮನಿ ಸರಕು ಹಡಗುಗಳ ಬೆನ್ನು ಹತ್ತಿದ್ದು ಏಕೆ ಎಂಬುದು ಇದರಿಂದಲೇ ತಿಳಿಯುತ್ತದೆ. ದ್ವೀಪರಾಷ್ಟ್ರವನ್ನು ಸೋಲಿಸಲು ಅದರ ಸೈನ್ಯವನ್ನೇ ಸೋಲಿಸಬೇಕೆಂದಿಲ್ಲ, ಅಡುಗೆಮನೆಯನ್ನೂ ಕಾರ್ಖಾನೆಯನ್ನೂ ಬರಿದು ಮಾಡಿದರೆ ಸಾಕು.

ಹಡಗಿನಲ್ಲಿ ಇದ್ದವರು ಯಾರು?

ಬ್ರಿಟನ್ನಿನ ಸರಕು ಹಡಗುಗಳ ಸಮೂಹವನ್ನು ‘ಮರ್ಚೆಂಟ್ ನೇವಿ’ ಎನ್ನುತ್ತಾರೆ. ‘ನೇವಿ’ ಎಂಬ ಪದ ಕೇಳಿ ಅವರೆಲ್ಲ ಸೈನಿಕರು ಎಂದುಕೊಳ್ಳುವವರು ಬಹಳ. ಹಾಗಲ್ಲ. ಅವರು ಕಂಪನಿಯ ಸಂಬಳಕ್ಕೆ ದುಡಿಯುವ ನಾಗರಿಕರು. ಹಡಗಿನ ರಕ್ಷಣೆಗೆಂದು ಒಂದಿಬ್ಬರು ತೋಪುಗಾರರು ಇರುತ್ತಿದ್ದರು, ಅಷ್ಟೇ.

ಗೈರ್‌ಸೊಪ್ಪದಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಇದ್ದರು. ಕ್ಯಾಪ್ಟನ್ ಜೆರಾಲ್ಡ್ ಹೈಲ್ಯಾಂಡ್ ಮತ್ತು ಕೆಲವು ಅಧಿಕಾರಿಗಳು, ತೋಪುಗಾರರು ಬ್ರಿಟಿಷರು. ರೇಡಿಯೊ ಅಧಿಕಾರಿ ರಾಬರ್ಟ್ ಹ್ಯಾಂಪ್‌ಶೈರ್‌ಗೆ ಬರೀ 18 ವರ್ಷ. ಉಳಿದವರೆಲ್ಲ ‘ಲಸ್ಕರ್’ಗಳು. ಬ್ರಿಟಿಷ್ ಹಡಗುಗಳಲ್ಲಿ ದುಡಿಯುವ ಭಾರತ ಉಪಖಂಡದ ನಾವಿಕರನ್ನು ಹೀಗೆ ಕರೆಯುತ್ತಿದ್ದರು. ನಮ್ಮ ‘ಲಷ್ಕರ’ ಎಂಬ ಪದಕ್ಕೂ ಇದಕ್ಕೂ ಮೂಲ ಒಂದೇ, ಪರ್ಷಿಯನ್ ಭಾಷೆಯ ‘ಲಷ್ಕರ್’.

ಲಸ್ಕರ್‌ಗಳ ತಂಡಕ್ಕೆ ಒಬ್ಬ ಸಾರಂಗ ಮುಖ್ಯಸ್ಥ. ಆಳುಗಳನ್ನು ಒಟ್ಟು ಮಾಡಿ ತರುವವನೂ ಹಲವು ವೇಳೆ ಅವನೇ. ಅವನ ಕೈಕೆಳಗೆ ‘ಟಿಂಡಲ್’. ನಮ್ಮ ಕರಾವಳಿಯ ಮೀನುಗಾರರು ದೋಣಿಯ ಮುಖ್ಯಸ್ಥನನ್ನು ಇಂದಿಗೂ ‘ತಾಂಡೇಲ’ ಎನ್ನುತ್ತಾರಲ್ಲ, ಅದೇ ಪದದ ಇನ್ನೊಂದು ರೂಪ. ಮೇಲೆ ಹಗ್ಗ, ಲಂಗರು, ಚುಕ್ಕಾಣಿ ನೋಡಿಕೊಳ್ಳುವವರು ಒಂದು ಗುಂಪು. ಕೆಳಗೆ ಎಂಜಿನ್ ಕೋಣೆಯಲ್ಲಿ ಬೆಂಕಿಗೆ ಕಲ್ಲಿದ್ದಲು ಸುರಿಯುವವರು ಇನ್ನೊಂದು. ಕಲ್ಕತ್ತಾದಿಂದ ಹೊರಡುವ ಹಡಗುಗಳಲ್ಲಿ ಈ ಬೆಂಕಿಯ ಕೆಲಸಕ್ಕೆ ಬರುತ್ತಿದ್ದವರಲ್ಲಿ ಬಹುಪಾಲು ಸಿಲ್ಹೆಟ್ ಕಡೆಯವರು. ಅದು ಇಂದಿನ ಬಾಂಗ್ಲಾದೇಶದಲ್ಲಿದೆ.

ಆ ಕಾಲದಲ್ಲಿ ಬ್ರಿಟನ್ನಿನ ಸರಕು ಹಡಗುಗಳ ನಾವಿಕರಲ್ಲಿ ಸುಮಾರು ಕಾಲು ಭಾಗ ಲಸ್ಕರ್‌ಗಳು. ಆದರೆ ಅವರ ಸಂಬಳ ಬ್ರಿಟಿಷ್ ನಾವಿಕನ ಸಂಬಳದ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಮಲಗುವುದಕ್ಕೆ ಕೊಡುತ್ತಿದ್ದ ಜಾಗವೂ ಕಡಿಮೆ. 1939ರಲ್ಲಿ ಯುದ್ಧ ಶುರುವಾದಾಗ ಅಪಾಯ ಎಲ್ಲರಿಗೂ ಒಂದೇ, ಸಂಬಳ ಮಾತ್ರ ಏಕೆ ಬೇರೆ ಎಂದು ಕೇಳಿ ಲಸ್ಕರ್‌ಗಳು ಬ್ರಿಟನ್ನಿನ ಬಂದರುಗಳಲ್ಲೇ ಮುಷ್ಕರ ಹೂಡಿದರು. ಕೆಲವರು ಜೈಲಿಗೂ ಹೋದರು. ಸಂಬಳ ಸ್ವಲ್ಪ ಏರಿತು, ಅಂತರ ಉಳಿಯಿತು.

ಕಲ್ಲಿದ್ದಲು ಸಾಲದೆ ಹೋದದ್ದು ಏಕೆ?

ಕಲ್ಕತ್ತಾದಿಂದ ಹೊರಟ ಗೈರ್‌ಸೊಪ್ಪ ಆಫ್ರಿಕಾದ ಪಶ್ಚಿಮ ತೀರದ ಫ್ರೀಟೌನ್ ಬಂದರಿಗೆ ಬಂದು, 1941ರ ಜನವರಿ 30ರಂದು ‘ಎಸ್‌ಎಲ್ 64’ ಎಂಬ ಬೆಂಗಾವಲು ಸಮೂಹದ ಜೊತೆ ಬ್ರಿಟನ್ನಿನ ಕಡೆ ಹೊರಟಿತು. ಹಡಗುಗಳು ಹೀಗೆ ಗುಂಪಾಗಿ ಹೋಗುತ್ತಿದ್ದುದು ಏಕೆ? ಗುಂಪಾಗಿದ್ದರೆ ಶತ್ರುವಿಗೆ ಬೇಗ ಕಾಣಿಸುವುದಿಲ್ಲವೇ ಎಂದು ಅನ್ನಿಸಬಹುದು. ವಾಸ್ತವ ಇದಕ್ಕೆ ವಿರುದ್ಧ. ಸಮುದ್ರ ಎಷ್ಟು ವಿಶಾಲವೆಂದರೆ, ನಲವತ್ತು ಹಡಗುಗಳು ಚದುರಿ ಹೋದರೆ ಶತ್ರುವಿನ ಕಣ್ಣಿಗೆ ಬೀಳಲು ನಲವತ್ತು ಅವಕಾಶ, ಒಟ್ಟಾಗಿ ಹೋದರೆ ಒಂದೇ ಅವಕಾಶ. ಕಣ್ಣಿಗೆ ಬಿದ್ದರೂ ಜೊತೆಗೆ ಕಾವಲು ನೌಕೆ ಇರುತ್ತದೆ.

ಆದರೆ ಗುಂಪಿನಲ್ಲಿ ಎಲ್ಲರೂ ಒಂದೇ ವೇಗದಲ್ಲಿ ಸಾಗಬೇಕು. ಈ ಗುಂಪಿನದ್ದು ಗಂಟೆಗೆ ಸುಮಾರು 8 ನಾಟಿಕಲ್ ಮೈಲಿ, ಅಂದರೆ 15 ಕಿಲೋಮೀಟರ್. ನಾವು ಸೈಕಲ್ ತುಳಿಯುವ ವೇಗ. ಗೈರ್‌ಸೊಪ್ಪಕ್ಕೆ ಶಾಂತ ಸಮುದ್ರದಲ್ಲಿ ಇದು ದೊಡ್ಡ ಮಾತಲ್ಲ. ಕಷ್ಟವಾದದ್ದು ಫೆಬ್ರವರಿಯ ಅಟ್ಲಾಂಟಿಕ್ ಬಿರುಗಾಳಿಯಲ್ಲಿ.

ಹಡಗಿನ ವೇಗ ಸ್ವಲ್ಪ ಹೆಚ್ಚಿಸಲು ಬೇಕಾದ ಶಕ್ತಿ ಸ್ವಲ್ಪವಲ್ಲ. ಸ್ಥೂಲವಾಗಿ ಹೇಳುವುದಾದರೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 8ರಿಂದ 10ಕ್ಕೆ ವೇಗ ಏರಿಸಿದರೆ ಹೆಚ್ಚಿದ್ದು ಕಾಲು ಪಾಲು, ಉರಿಯುವ ಕಲ್ಲಿದ್ದಲು ಮಾತ್ರ ಗಂಟೆಗೆ ಸುಮಾರು ಎರಡು ಪಟ್ಟು. ಎದುರುಗಾಳಿಯಲ್ಲಿ ಇನ್ನೊಂದು ಪೆಟ್ಟು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಆದರೆ ಅಲೆಗಳಿಗೆ ಮುಖ ಕೊಟ್ಟ ಹಡಗು ಮುಂದೆ ಸರಿಯುವುದು ಇಷ್ಟಿಷ್ಟೇ. ನಿಂತಲ್ಲೇ ನಿಂತರೂ ಬಾಯ್ಲರು ಉರಿಯುತ್ತಲೇ ಇರಬೇಕು. ಮೈಲಿಯೊಂದಕ್ಕೆ ತಗಲುವ ಕಲ್ಲಿದ್ದಲು ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ.

ಗುಂಪಿನ ವೇಗಕ್ಕೆ ಸಮನಾಗಿ ಹೋದರೆ ಬ್ರಿಟನ್ ತಲುಪುವಷ್ಟು ಕಲ್ಲಿದ್ದಲು ಉಳಿಯುವುದಿಲ್ಲ ಎಂದು ಕ್ಯಾಪ್ಟನ್ ಹೈಲ್ಯಾಂಡ್ ಲೆಕ್ಕ ಹಾಕಿದರು. ನಡುಸಮುದ್ರದಲ್ಲಿ ಬೆಂಕಿ ಆರಿದರೆ ಬಿರುಗಾಳಿಯೇ ಹಡಗನ್ನು ಮುಗಿಸುತ್ತದೆ. ಗುಂಪು ಬಿಟ್ಟರೆ ಜಲಾಂತರ್ಗಾಮಿಯ ಭಯ. ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಫೆಬ್ರವರಿಯ ಮಧ್ಯಭಾಗದಲ್ಲಿ ಗೈರ್‌ಸೊಪ್ಪ ಗುಂಪಿನಿಂದ ಬೇರೆಯಾಗಿ, ವೇಗ ತಗ್ಗಿಸಿ, ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಿತು.

ಒಂದೇ ಟಾರ್ಪಿಡೊಗೆ ಅಷ್ಟು ದೊಡ್ಡ ಹಡಗು ಮುಳುಗಿದ್ದು ಹೇಗೆ?

ಫೆಬ್ರವರಿ 16ರ ಬೆಳಿಗ್ಗೆ ಜರ್ಮನಿಯ ದೂರಗಾಮಿ ‘ಕಾಂಡರ್’ ವಿಮಾನವೊಂದು ಹಡಗಿನ ಮೇಲೆ ಸುತ್ತು ಹಾಕಿ ಹೋಯಿತು. ಸಮುದ್ರದ ಮೇಲೆ ಹಾರಿ ಹಡಗುಗಳನ್ನು ಹುಡುಕಿ ಜಲಾಂತರ್ಗಾಮಿಗಳಿಗೆ ಸುಳಿವು ಕೊಡುವುದು ಈ ವಿಮಾನಗಳ ಒಂದು ಕೆಲಸ. ಅದೇ ರಾತ್ರಿ ಅರ್ನ್ಸ್ಟ್ ಮೆಂಗರ್ಸನ್ ನೇತೃತ್ವದ ‘ಯು-101’ ಜಲಾಂತರ್ಗಾಮಿ ಗೈರ್‌ಸೊಪ್ಪವನ್ನು ಕಂಡಿತು. ಟಾರ್ಪಿಡೊ ಬಲಬದಿಯಲ್ಲಿ, ಮುಂಭಾಗದ ಸರಕು ಕೋಣೆಗೆ ಬಡಿಯಿತು. ಆ ಹೊಡೆತಕ್ಕೆ ಮುಂದಿನ ಕೂವೆಮರ ಉರುಳಿ ರೇಡಿಯೊ ತಂತಿಯೂ ಹರಿದುಬಿತ್ತು. ಸಹಾಯ ಕೇಳುವ ದಾರಿ ಮುಚ್ಚಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹಡಗು ಮುಳುಗಿತು.

ಇಷ್ಟು ಬೇಗ ಮುಳುಗಲು ಸರಕಿನ ಸ್ವಭಾವವೂ ಒಂದು ಕಾರಣವಾಗಬಲ್ಲದು. ಹಡಗು ತೇಲುವುದು ಅದರೊಳಗಿನ ಗಾಳಿಯ ಬಲದಿಂದ. ಮರದ ದಿಮ್ಮಿ ತುಂಬಿದ ಹಡಗಿಗೆ ತೂತು ಬಿದ್ದರೆ ಒಳಗೆ ನೀರು ತುಂಬಲು ಹೆಚ್ಚು ಜಾಗವಿರುವುದಿಲ್ಲ, ಜೊತೆಗೆ ಮರವೇ ತೇಲುತ್ತದೆ. ಅಂಥ ಹಡಗುಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೇಲಿದ್ದುಂಟು. ಕಬ್ಬಿಣ ತುಂಬಿದ ಕೋಣೆಯಲ್ಲಿ ಸರಕು ತಳದಲ್ಲಷ್ಟೇ ಇರುತ್ತದೆ, ಮೇಲೆಲ್ಲ ಖಾಲಿ ಗಾಳಿ. ತೂತು ಬಿದ್ದರೆ ಆ ಜಾಗವೆಲ್ಲ ನೀರು. ಯುದ್ಧಕಾಲದ ನಾವಿಕರು ಕಬ್ಬಿಣ ಮತ್ತು ಅದಿರಿನ ಹಡಗುಗಳಿಗೆ ಹೆದರುತ್ತಿದ್ದುದು ಸುಮ್ಮನೆ ಅಲ್ಲ.

ರಕ್ಷಣಾ ದೋಣಿಯಲ್ಲಿ 13 ದಿನ

ಮೂರು ದೋಣಿಗಳು ನೀರಿಗಿಳಿದವು. ಎರಡರ ಸುಳಿವು ಮತ್ತೆಂದೂ ಸಿಗಲಿಲ್ಲ. ಮೂರನೆಯದರಲ್ಲಿ ಮೂವತ್ತರಷ್ಟು ಮಂದಿ ಇದ್ದರು, ಅವರಲ್ಲಿ ಹೆಚ್ಚಿನವರು ಲಸ್ಕರ್‌ಗಳು. ದೋಣಿಯ ಹೊಣೆ ಎರಡನೇ ಅಧಿಕಾರಿ ರಿಚರ್ಡ್ ಏರ್ಸ್ ಅವರದ್ದು. ಹಾಯಿ ಕಟ್ಟಿ ಪೂರ್ವಕ್ಕೆ, ಇಂಗ್ಲೆಂಡಿನ ಕಡೆಗೆ ದೋಣಿ ನಡೆಸಿದರು. ತಿನ್ನಲು ಒಣ ಬಿಸ್ಕತ್ತು, ಕುಡಿಯಲು ಅಳತೆಯ ನೀರು. ಒಂದು ವಾರದ ಹೊತ್ತಿಗೆ ಆ ನೀರೂ ಮುಗಿಯಿತು.

ಇಲ್ಲಿ ಮೂರು ತಪ್ಪು ನಂಬಿಕೆಗಳನ್ನು ಬಿಡಿಸಿ ನೋಡಬೇಕು.

ಮೊದಲನೆಯದು, ‘ಏನೂ ಇಲ್ಲದಾಗ ಸಮುದ್ರದ ನೀರಾದರೂ ಸ್ವಲ್ಪ ಸಹಾಯ ಮಾಡುತ್ತದೆ’ ಎಂಬುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮ ಮೂತ್ರಪಿಂಡಗಳು ಅಷ್ಟು ಗಾಢವಾಗಿ ಉಪ್ಪನ್ನು ಹೊರಹಾಕಲಾರವು. ಆ ಉಪ್ಪನ್ನು ತೊಳೆಯಲು ಕುಡಿದ ನೀರಿಗಿಂತ ಹೆಚ್ಚು ನೀರನ್ನು ದೇಹ ಕಳೆದುಕೊಳ್ಳುತ್ತದೆ. ಬಾಯಾರಿಕೆ ಏರುತ್ತದೆ, ಮೆದುಳಿನ ಜೀವಕೋಶಗಳು ನೀರು ಕಳೆದುಕೊಂಡು ಭ್ರಮೆ, ಸನ್ನಿ ಶುರುವಾಗುತ್ತದೆ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧಕರು ರಕ್ಷಣಾ ದೋಣಿಗಳ ದಾಖಲೆಗಳನ್ನು ಜೋಡಿಸಿ ನೋಡಿದರು. ಸಮುದ್ರದ ನೀರು ಕುಡಿದವರಿದ್ದ ದೋಣಿಗಳಲ್ಲಿ ನೂರಕ್ಕೆ ಸುಮಾರು 39 ಮಂದಿ ಸತ್ತಿದ್ದರು. ಕುಡಿಯದ ದೋಣಿಗಳಲ್ಲಿ ನೂರಕ್ಕೆ ಸುಮಾರು 3.

ಎರಡನೆಯದು, ‘ಮಂಜುಗಡ್ಡೆ ಇಲ್ಲದಿದ್ದರೆ ಚಳಿ ಕೊಲ್ಲುವುದಿಲ್ಲ’ ಎಂಬುದು. ಆ ಭಾಗದ ಸಮುದ್ರ ಫೆಬ್ರವರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ನೀರಿನ ಉಷ್ಣತೆ ಸುಮಾರು 10 ಡಿಗ್ರಿ. ಆದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖವನ್ನು ಸೆಳೆಯುತ್ತದೆ. ದೋಣಿಯ ತಳದ ನೀರಿನಲ್ಲಿ ದಿನಗಟ್ಟಲೆ ಕಾಲಿಟ್ಟು ಕೂತರೆ ರಕ್ತನಾಳಗಳು ಬಿಗಿದು, ಕಾಲು ಮರಗಟ್ಟಿ, ಊದಿಕೊಂಡು, ಕೊಳೆಯಲು ಶುರುವಾಗುತ್ತದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸುತ್ತಿದ್ದರೆ ದೇಹದ ಒಳಗಿನ ಉಷ್ಣತೆಯೇ ಇಳಿಯುತ್ತದೆ. 35 ಡಿಗ್ರಿಗಿಂತ ಕೆಳಗಿಳಿದರೆ ಯೋಚಿಸುವ ಶಕ್ತಿ ಕುಂದುತ್ತದೆ, ಇನ್ನೂ ಇಳಿದರೆ ಹೃದಯದ ಲಯ ತಪ್ಪುತ್ತದೆ.

ಮೂರನೆಯದು ಅಂದಿನ ಬ್ರಿಟಿಷ್ ಹಡಗು ಲೋಕದಲ್ಲಿ ಬೇರೂರಿದ್ದ ನಂಬಿಕೆ: ‘ಭಾರತೀಯರ ದೇಹಕ್ಕೆ ಚಳಿ ತಡೆಯುವ ಗುಣವೇ ಇಲ್ಲ’ ಎಂಬುದು. ದೋಣಿಯಲ್ಲಿ ಲಸ್ಕರ್‌ಗಳು ಬೇಗ ಸತ್ತರೆ ಅದಕ್ಕೆ ಜನಾಂಗವನ್ನೇ ಕಾರಣವಾಗಿ ಹೇಳಿಬಿಡುತ್ತಿದ್ದರು. ಚಳಿಯಲ್ಲಿ ಯಾರು ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಮೈಮೇಲಿನ ಬಟ್ಟೆ, ಚರ್ಮದಡಿಯ ಕೊಬ್ಬು, ಹಿಂದಿನ ತಿಂಗಳುಗಳ ಊಟ ಮತ್ತು ದಣಿವು. ಎಂಜಿನ್ ಕೋಣೆಯ ಕುಲುಮೆಯಂಥ ಸೆಕೆಯಲ್ಲಿ ತೆಳು ಬಟ್ಟೆಯಲ್ಲಿ ದುಡಿಯುತ್ತಿದ್ದವನು ಅದೇ ಬಟ್ಟೆಯಲ್ಲಿ ರಾತ್ರೋರಾತ್ರಿ ತೆರೆದ ದೋಣಿಗೆ ಇಳಿದರೆ, ಅವನು ಸಿಲ್ಹೆಟ್‌ನವನಾದರೂ ಲಂಡನ್‌ನವನಾದರೂ ಪರಿಣಾಮ ಒಂದೇ. ಕಾಲು ಪಾಲು ಸಂಬಳದವನ ಬಳಿ ದಪ್ಪ ಉಣ್ಣೆಯ ಕೋಟು ಇರುವ ಸಾಧ್ಯತೆ ಕಡಿಮೆ. ಬಡತನದ ಫಲವನ್ನು ದೇಹದ ಗುಣ ಎಂದು ತಪ್ಪಾಗಿ ಓದಿದ ನಂಬಿಕೆ ಇದು.

ದಿನ ಕಳೆದಂತೆ ದೋಣಿಯಲ್ಲಿ ಒಬ್ಬೊಬ್ಬರಾಗಿ ಸತ್ತರು. ಮಾರ್ಚ್ 1ರಂದು, ಹದಿಮೂರನೇ ದಿನ, ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಲಿಜರ್ಡ್ ಭೂಶಿರ ಕಂಡಾಗ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ದಡದ ಬಂಡೆಗಳ ಬಳಿ ಅಲೆಗಳ ಹೊಡೆತಕ್ಕೆ ದೋಣಿ ಮಗುಚಿತು. ದಡ ಕಂಡ ಮೇಲೆ ಸತ್ತವರಲ್ಲಿ ಆ 18ರ ಹುಡುಗ ಹ್ಯಾಂಪ್‌ಶೈರ್ ಕೂಡ ಒಬ್ಬ. ಬಾಂಬ್ ದಾಳಿಯಿಂದ ತಪ್ಪಿಸಲು ಹಳ್ಳಿಗೆ ಕಳುಹಿಸಿದ್ದ ಮೂವರು ಶಾಲಾ ಬಾಲಕಿಯರು ಬಂಡೆಯ ಮೇಲಿನಿಂದ ದೋಣಿಯನ್ನು ಕಂಡು ಕರಾವಳಿ ಕಾವಲಿನವರನ್ನು ಕರೆತಂದರು. ಹಗ್ಗ ಎಸೆದು ಎಳೆದಾಗ ಜೀವಂತವಾಗಿ ದಡ ಸೇರಿದ್ದು ಏರ್ಸ್ ಒಬ್ಬರೇ. ದೋಣಿಯ ಸಂಗಾತಿಗಳನ್ನು ಕಾಪಾಡಲು ಪಟ್ಟ ಪಾಡಿಗಾಗಿ ಅವರಿಗೆ ಎಂಬಿಇ ಗೌರವ ದೊರೆಯಿತು. ಚೇತರಿಸಿಕೊಂಡ ಮೇಲೆ ಅವರು ಮತ್ತೆ ಸಮುದ್ರಕ್ಕೇ ಹೋದರು. 1992ರಲ್ಲಿ ತೀರಿಕೊಂಡರು.

ಹದಿನೆಂಟು ಜೋಗದ ಆಳ

2010ರಲ್ಲಿ ಬ್ರಿಟಿಷ್ ಸರ್ಕಾರ ಈ ಹಡಗಿನ ಸರಕನ್ನು ಎತ್ತುವ ಗುತ್ತಿಗೆಯನ್ನು ಅಮೆರಿಕದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್ ಕಂಪನಿಗೆ ಕೊಟ್ಟಿತು. ಯುದ್ಧಕಾಲದ ವಿಮೆಯ ಹಣವನ್ನು ಸರ್ಕಾರವೇ ಕಟ್ಟಿದ್ದರಿಂದ ಸರಕಿನ ಮೇಲೆ ಅದಕ್ಕೆ ಹಕ್ಕಿತ್ತು. ಖರ್ಚು ಕಳೆದು ಉಳಿದದ್ದರಲ್ಲಿ 80 ಪಾಲು ಕಂಪನಿಗೆ, 20 ಪಾಲು ಸರ್ಕಾರಕ್ಕೆ ಎಂಬುದು ಒಪ್ಪಂದ. 2011ರಲ್ಲಿ ಐರ್ಲೆಂಡಿನಿಂದ ಸುಮಾರು 300 ಮೈಲಿ ದೂರದಲ್ಲಿ, ಶಬ್ದದ ಅಲೆಗಳಿಂದ ಸಮುದ್ರತಳದ ಚಿತ್ರ ತೆಗೆಯುವ ಸೋನಾರ್ ಬಳಸಿ ಹಡಗನ್ನು ಹುಡುಕಿದರು. ಅದು ತಳದ ಮೇಲೆ ನೆಟ್ಟಗೆ ಕೂತಿತ್ತು, ಬದಿಯಲ್ಲಿ ಟಾರ್ಪಿಡೊ ಮಾಡಿದ ತೂತು ಕಾಣುತ್ತಿತ್ತು.

4,700 ಮೀಟರ್ ಎಂದರೆ ಎಷ್ಟು ಆಳ? ಜೋಗದ ಎತ್ತರ 253 ಮೀಟರ್. ಅಂಥ ಹದಿನೆಂಟು ಜೋಗಗಳನ್ನು ಒಂದರ ಮೇಲೊಂದು ಇಟ್ಟರೂ ನೀರಿನ ಮೇಲ್ಮೈ ಇನ್ನೂ ದೂರವೇ. ಟೈಟಾನಿಕ್ ಕೂಡ ಇದಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಬೀಳುವ ಒತ್ತಡ ಸುಮಾರು ಅರ್ಧ ಟನ್. ಮನುಷ್ಯ ಈಜಿ ತಲುಪುವ ಮಾತೇ ಇಲ್ಲ. ಕೇಬಲ್ಲಿಗೆ ಕಟ್ಟಿದ, ಕ್ಯಾಮೆರಾ ಮತ್ತು ಕಬ್ಬಿಣದ ಕೈಗಳಿರುವ ಯಂತ್ರವನ್ನು ಮೇಲಿನ ಹಡಗಿನಿಂದ ನಡೆಸಿ ಕೆಲಸ ಮಾಡಿದರು. 2012 ಮತ್ತು 2013ರಲ್ಲಿ ಒಟ್ಟು 2,792 ಬೆಳ್ಳಿ ಗಟ್ಟಿಗಳು ಮೇಲೆ ಬಂದವು. ಒಂದೊಂದರ ತೂಕ ಸುಮಾರು 35 ಕಿಲೋ. ಅದರಲ್ಲಿ ಸ್ವಲ್ಪ ಬೆಳ್ಳಿಯಿಂದ ಬ್ರಿಟನ್ನಿನ ಟಂಕಸಾಲೆ ನೆನಪಿನ ನಾಣ್ಯಗಳನ್ನೂ ಅಚ್ಚು ಹಾಕಿತು.

ಕಾಗದ ಕರಗದೆ ಉಳಿದದ್ದು ಹೇಗೆ?

ಬೆಳ್ಳಿ ಉಳಿದದ್ದು ಅಚ್ಚರಿಯಲ್ಲ. ಅದರ ಮೇಲ್ಮೈ ಕಪ್ಪಾಗುತ್ತದೆ, ಒಳಗಿನ ಲೋಹ ಹಾಗೇ ಇರುತ್ತದೆ. ಅಚ್ಚರಿಯೆಂದರೆ ಯಂತ್ರದ ಕೈಗೆ ಸಿಕ್ಕ ಏಳುನೂರಕ್ಕೂ ಹೆಚ್ಚು ಪತ್ರಗಳು. ಭಾರತದಲ್ಲಿದ್ದ ಸೈನಿಕರು, ವ್ಯಾಪಾರಿಗಳು, ಮಿಷನರಿಗಳು 1940ರ ಕೊನೆಯಲ್ಲಿ ತಮ್ಮವರಿಗೆ ಬರೆದವು.

‘ಅಷ್ಟು ಒತ್ತಡದಲ್ಲಿ ಎಲ್ಲವೂ ಪುಡಿಯಾಗಬೇಕಲ್ಲ?’ ಎಂದು ನೀವು ಕೇಳಬಹುದು. ಒತ್ತಡ ಜಜ್ಜುವುದು ಒಳಗೆ ಗಾಳಿ ತುಂಬಿರುವ ವಸ್ತುಗಳನ್ನು. ನೀರು ಹೀರಿಕೊಂಡ ಕಾಗದಕ್ಕೆ ಎಲ್ಲ ಕಡೆಯಿಂದಲೂ, ಒಳಗಿನಿಂದಲೂ ಒಂದೇ ಒತ್ತಡ, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ಕಾಗದದ ನಿಜವಾದ ಶತ್ರುಗಳು ಬೆಳಕು, ಬಿಸಿ, ಆಮ್ಲಜನಕ ಮತ್ತು ಅದನ್ನು ತಿನ್ನುವ ಸೂಕ್ಷ್ಮಜೀವಿಗಳು. ಆ ಆಳದಲ್ಲಿ ಬೆಳಕು ಇಲ್ಲವೇ ಇಲ್ಲ. ನೀರು ಫ್ರಿಜ್ಜಿನೊಳಗಿನಷ್ಟು ತಂಪು. ಪತ್ರಗಳು ಒಂದಕ್ಕೊಂದು ಅಂಟಿದಂತೆ ಒತ್ತಾಗಿ, ಕೆಸರಿನಡಿ ಹೂತಿದ್ದರಿಂದ ಆಮ್ಲಜನಕವೂ ಜೀವಿಗಳೂ ಒಳಗೆ ಹೋಗಲಾಗಲಿಲ್ಲ. ಕೆರೆಯ ಕೆಸರಿನಲ್ಲಿ ಹೂತ ಮರದ ತೊಲೆ ನೂರಾರು ವರ್ಷ ಕೊಳೆಯದೆ ಉಳಿಯುವುದೂ ಇದೇ ಕಾರಣಕ್ಕೆ.

2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಈ ಪತ್ರಗಳನ್ನು ಪ್ರದರ್ಶಿಸಿತು. ಅವುಗಳಲ್ಲೊಂದು, ಮದುವೆಗೆ ಒಪ್ಪಿದ ಹುಡುಗಿಗೆ ಸೈನಿಕನೊಬ್ಬ ತನ್ನ ಸಂತೋಷ ಹೇಳಿಕೊಂಡು ಬರೆದದ್ದು. ಆ ಪತ್ರದ ಮಾತು ಅವಳಿಗೆ ತಲುಪಿದಾಗ ಅವಳಿಗೆ ಹತ್ತಿರ ಹತ್ತಿರ ನೂರು ವರ್ಷ. ಅಷ್ಟರಲ್ಲಿ ಅವಳು ಬೇರೊಬ್ಬರನ್ನು ಮದುವೆಯಾಗಿ ಒಂದು ಬಾಳನ್ನೇ ಬಾಳಿದ್ದಳು.

ಹಾಗಾದರೆ ಈ ಹಡಗಿನಲ್ಲಿ ಬೆಲೆಬಾಳುವುದು ಯಾವುದು?

ಬೆಳ್ಳಿಯ ಲೆಕ್ಕ ಪಕ್ಕಾ ಇದೆ: 2,792 ಗಟ್ಟಿಗಳು, ವಿಮೆ ಮಾಡಿಸಿದ್ದರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು. ಮನುಷ್ಯರ ಲೆಕ್ಕ ಅಷ್ಟು ಪ್ರಸಿದ್ಧವಲ್ಲ. ಎರಡನೇ ಮಹಾಯುದ್ಧದಲ್ಲಿ ಹೀಗೆ ಸಮುದ್ರದ ಪಾಲಾಗಿ ಸಮಾಧಿಯೇ ಇಲ್ಲದ ಆರು ಸಾವಿರಕ್ಕೂ ಹೆಚ್ಚು ಉಪಖಂಡದ ನಾವಿಕರ ಹೆಸರುಗಳು ಮುಂಬಯಿ ಮತ್ತು ಚಟ್ಟಗಾಂವ್ ಸ್ಮಾರಕಗಳಲ್ಲಿವೆ. ಆ ಸ್ಮಾರಕ ಎಂದರೆ ದೊಡ್ಡ ಕಂಬವೋ ಗೋಪುರವೋ ಅಲ್ಲ, ಹೆಸರುಗಳನ್ನು ಬರೆದ ಪುಸ್ತಕ. ಅದರ ಒಂದು ಪ್ರತಿ ಮುಂಬಯಿಯ ನಾವಿಕರ ವಸತಿಗೃಹದಲ್ಲಿ, ಇನ್ನೊಂದು ಚಟ್ಟಗಾಂವ್‌ನ ಯುದ್ಧ ಸಮಾಧಿ ಸ್ಥಳದಲ್ಲಿ ಇದೆ. ಕಾರ್ನ್‌ವಾಲ್‌ನ ಲ್ಯಾಂಡೆವೆಡ್ನಾಕ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹ್ಯಾಂಪ್‌ಶೈರ್ ಸಮಾಧಿಯ ಜೊತೆಗೆ ಆ ದೋಣಿಯಲ್ಲಿ ದಡದವರೆಗೆ ಬಂದ ಭಾರತೀಯ ನಾವಿಕರ ಸಮಾಧಿಯೂ ಇದೆ.

ಮುಂದಿನ ಸಲ ‘ಸಮುದ್ರದಾಳದಲ್ಲಿ ಕೋಟ್ಯಂತರ ರೂಪಾಯಿಯ ನಿಧಿ ಪತ್ತೆ’ ಎಂಬ ಸುದ್ದಿ ನಿಮ್ಮ ಮೊಬೈಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಆ ಹಡಗು ನಿಜವಾಗಿ ಸಾಗಿಸುತ್ತಿದ್ದುದು ಏನು? ಅದು ಮುಳುಗಿದ್ದು ಏಕೆ? ಅದರಲ್ಲಿ ಇದ್ದವರು ಯಾರು? ಮೊದಲೆರಡಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ಮೂರನೆಯದಕ್ಕೆ ಸ್ವಲ್ಪ ಹುಡುಕಬೇಕಾಗುತ್ತದೆ.